ಅಜ್ಜನ ಇಂಜೆಕ್ಟರ್: ಒತ್ತಡ ಒಂದೇ ಇದ್ದರೂ ನೀರು ಬಾಯ್ಲರ್ ಒಳಗೆ ಹೋಗುವುದು ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಜ್ಜ ಮೀಟರ್ ಗೇಜ್ ಕಾಲದಲ್ಲಿ ಕ್ಯಾಸಲ್‌ರಾಕ್ ಘಾಟಿನಲ್ಲಿ ಉಗಿ ಎಂಜಿನ್ನಿನ ಫೈರ್‌ಮನ್ (ಬಾಯ್ಲರ್‌ನ ಬೆಂಕಿ, ನೀರು ನೋಡಿಕೊಳ್ಳುವವರು) ಆಗಿದ್ದರು. ನಿವೃತ್ತರಾದ ಮೇಲೆ ಗುಜರಿ ಹರಾಜಿನಲ್ಲಿ ಒಂದು ಭಾರದ ಹಿತ್ತಾಳೆ ಸಾಮಾನು ಕೊಂಡು ತಂದಿದ್ದರಂತೆ. ಈಗ ಅಟ್ಟ ಸ್ವಚ್ಛ ಮಾಡುವಾಗ ಗೋಣಿಯಲ್ಲಿ ಸುತ್ತಿದ್ದು ಸಿಕ್ಕಿತು. ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಅನ್ನುತ್ತದೆ. ಇದು ಇಂಜೆಕ್ಟರ್, ಬಾಯ್ಲರ್‌ನ ಉಗಿಯಿಂದಲೇ ಅದೇ ಬಾಯ್ಲರ್‌ಗೆ ನೀರು ತುಂಬುವ ಸಾಧನ ಅಂತ ಪರಿಚಯದವರೊಬ್ಬರು ಹೇಳಿದರು. ನನಗೆ ಇದು ಅರ್ಥವೇ ಆಗುತ್ತಿಲ್ಲ. ತಳ್ಳುವ ಒತ್ತಡವೂ ಅದೇ, ಎದುರು ನಿಂತಿರುವ ಒತ್ತಡವೂ ಅದೇ. ಹಾಗಾದರೆ ನೀರು ಹೋಗುವುದು ಹೇಗೆ? ಬಿಚ್ಚಿ ಸರಿ ಮಾಡಬಹುದಾ? ಓಡಿಸಿ ನೋಡಬಹುದಾ? ಆಸಿಡ್ ಹಾಕಿ ತೊಳೆದು ಪಾಲಿಶ್ ಮಾಡಿಸೋಣ ಅಂತ ತಮ್ಮ ಅನ್ನುತ್ತಿದ್ದಾನೆ.

ಉತ್ತರ: ಮೊದಲು ತಮ್ಮನನ್ನು ತಡೆಯಿರಿ. ಆಸಿಡ್ ಬಾಟ್ಲಿ ಮುಚ್ಚಿ ಇಡಲಿ, ಉಳಿದದ್ದು ಆಮೇಲೆ ಮಾತಾಡೋಣ.

ನೀವು ಕಳಿಸಿದ ಫೋಟೋ ನೋಡಿದೆ. ಹೌದು, ಅದು ಇಂಜೆಕ್ಟರೇ. ಎಂಜಿನ್ನಿನ ಕ್ಯಾಬ್, ಅಂದರೆ ಡ್ರೈವರ್ ನಿಲ್ಲುವ ಕೋಣೆಯ ಕೆಳಗೆ, ಮೆಟ್ಟಿಲಿನ ಹತ್ತಿರ ಕೂರಿಸುವ ಜಾತಿಯದ್ದು. ನಾಲ್ಕು ಬಾಯಿ ಕಾಣುತ್ತಿದೆ ಅಲ್ವಾ? ಒಂದು ಉಗಿ ಬರಲಿಕ್ಕೆ, ಒಂದು ಟೆಂಡರಿನಿಂದ (ಎಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಬಂಡಿ) ನೀರು ಬರಲಿಕ್ಕೆ, ಒಂದು ಬಾಯ್ಲರ್ ಕಡೆ ನೀರು ಹೋಗಲಿಕ್ಕೆ, ಇನ್ನೊಂದು ಕೆಳಮುಖವಾಗಿರುವುದು ಓವರ್‌ಫ್ಲೋ, ಅಂದರೆ ಹೆಚ್ಚಾದದ್ದು ನೆಲಕ್ಕೆ ಬೀಳುವ ಬಾಯಿ. ಎರಕದ ಮೇಲೆ 10 ಅಂತ ಉಬ್ಬಿರುವ ಸಂಖ್ಯೆ ಬಹಳ ಮಾಡಿ ಅದರ ಸೈಜು. ಬ್ರಿಟಿಷ್ ಪದ್ಧತಿಯ ಇಂಜೆಕ್ಟರ್‌ಗಳಲ್ಲಿ ಒಳಗಿನ ಡೆಲಿವರಿ ಕೋನ್ (ನೀರು ಬಾಯ್ಲರ್ ಕಡೆ ದಾಟುವ ಶಂಕುವಿನಾಕಾರದ ಕೊಳವೆ) ಅತ್ಯಂತ ಕಿರಿದಾಗುವ ಜಾಗ ಎಷ್ಟು ಮಿಲಿಮೀಟರ್ ಇದೆಯೋ ಅದೇ ಸೈಜಿನ ಸಂಖ್ಯೆ. ಅಂದರೆ ಇಷ್ಟು ದೊಡ್ಡ ಸಾಮಾನಿನಲ್ಲಿ ನೀರು ದಾಟುವ ದಾರಿ ನಿಮ್ಮ ಕಿರುಬೆರಳಿಗಿಂತ ಸಣ್ಣದು. ಪೂರ್ತಿ ವಿಷಯ ಇರುವುದೇ ಆ ಸಣ್ಣ ತೂತಿನಲ್ಲಿ.

ಇದು ಯಾಕೆ ಬೇಕಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಉಗಿ ಎಂಜಿನ್ ಓಡುತ್ತಿದ್ದಷ್ಟು ಹೊತ್ತೂ ಬಾಯ್ಲರ್‌ನ ನೀರು ಖಾಲಿಯಾಗುತ್ತಲೇ ಇರುತ್ತದೆ. ಬೆಂಕಿಗೂಡಿನ ಮೇಲ್ಛಾವಣಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ಅದು ಬರಿದಾದರೆ ಲೋಹ ಕೆಂಪಗೆ ಕಾದು ಮೆತ್ತಗಾಗಿ ಕುಸಿಯುತ್ತದೆ, ಆಮೇಲೆ ಬಾಯ್ಲರ್ ಸಿಡಿಯುತ್ತದೆ. ಮೊದಮೊದಲು ನೀರು ತುಂಬಲಿಕ್ಕೆ ಎಂಜಿನ್ನಿನ ಚಲನೆಯಿಂದಲೇ ಓಡುವ ಪಂಪ್ ಇರುತ್ತಿತ್ತು. ಎಂಜಿನ್ ನಿಂತರೆ ಪಂಪೂ ನಿಂತಿತು! ಸಿಗ್ನಲ್ ಹತ್ತಿರ ಜಾಸ್ತಿ ಹೊತ್ತು ನಿಲ್ಲಬೇಕಾಗಿ ಬಂದರೆ, ಬರೀ ನೀರು ತುಂಬಿಸಲಿಕ್ಕಾಗಿ ಗಾಡಿ ಬಿಚ್ಚಿ ಎಂಜಿನ್ ಒಂದನ್ನೇ ಹಿಂದೆ ಮುಂದೆ ಓಡಾಡಿಸುತ್ತಿದ್ದರು. ಈ ಪೀಕಲಾಟ ತಪ್ಪಿಸಿದವನು ಫ್ರಾನ್ಸಿನ ಆಂರಿ ಜಿಫಾರ್. 1858ರಲ್ಲಿ ಅವನು ಇಂಜೆಕ್ಟರ್‌ಗೆ ಪೇಟೆಂಟ್ ತೆಗೆದುಕೊಂಡ. ಇದೇ ಮನುಷ್ಯ 1852ರಲ್ಲಿ ಉಗಿ ಎಂಜಿನ್ ಕಟ್ಟಿದ ಬಲೂನಿನಲ್ಲಿ ಪ್ಯಾರಿಸ್ಸಿನಿಂದ ಹಾರಿದವನು. ತಲೆ ಹೇಗೆ ಓಡುತ್ತಿತ್ತು ನೋಡಿ. ಅವನು ಇಂಜೆಕ್ಟರ್ ತೋರಿಸಿದಾಗ ಬಹಳ ಎಂಜಿನಿಯರುಗಳು ನಿಮ್ಮ ಹಾಗೆಯೇ ತಲೆ ಕೆರೆದುಕೊಂಡರು. ಹಾಗಾಗಿ ಅರ್ಥ ಆಗಲಿಲ್ಲ ಅಂತ ಬೇಜಾರು ಬೇಡ.

ಈಗ ಅಸಲಿ ಪ್ರಶ್ನೆಗೆ ಬರೋಣ. ನಿಮ್ಮ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತೀರಲ್ಲ, ಆ ಪಂಪಿನ ಪೈಪು ನೆನಪಿಸಿಕೊಳ್ಳಿ. ಪೈಪಿನ ಒಳಗೆ ದ್ರಾವಣ ನಿಧಾನ ಸಾಗುತ್ತದೆ, ಆದರೆ ಒತ್ತಡ ಜಾಸ್ತಿ, ಪೈಪು ಬಿಗಿದು ಗಟ್ಟಿಯಾಗಿರುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಕೈಯಲ್ಲಿರುವ ನಾಜಲ್ ತುದಿ ದಾಟಿದ ಕೂಡಲೇ ಒತ್ತಡ ಹೋಯಿತು, ವೇಗ ಬಂತು. ಎದುರಿನ ಮರದ ಕೊನೆಗೂ ಸಿಡಿಯುತ್ತದೆ. ಅಂದರೆ ನಾಜಲ್ ಒತ್ತಡವನ್ನು ವೇಗ ಮಾಡುತ್ತದೆ. ಇದನ್ನೇ ಉಲ್ಟಾ ಮಾಡಿದರೆ? ಜೋರಾಗಿ ಬರುತ್ತಿರುವ ನೀರನ್ನು ನಿಧಾನವಾಗಿ ಅಗಲವಾಗುವ ಕೊಳವೆಯೊಳಗೆ ಬಿಟ್ಟರೆ ವೇಗ ಇಳಿಯುತ್ತದೆ, ಒತ್ತಡ ಏರುತ್ತದೆ. ಇಂಜೆಕ್ಟರ್ ಮಾಡುವುದು ಈ ಎರಡೇ ಕೆಲಸ. ಮೊದಲು ಉಗಿಯ ಒತ್ತಡ ವೇಗವಾಗುತ್ತದೆ, ಕೊನೆಗೆ ನೀರಿನ ವೇಗ ಒತ್ತಡವಾಗುತ್ತದೆ.

ಗುಟ್ಟು ಇರುವುದು ನಡುವೆ. ಒಂದೇ ಬಾಯ್ಲರ್, ಒಂದೇ ಒತ್ತಡ. ಆದರೆ ಅದರಿಂದ ನೀರು ಹೊರಗೆ ಚಿಮ್ಮುವ ವೇಗ ಬೇರೆ, ಉಗಿ ಚಿಮ್ಮುವ ವೇಗ ಬೇರೆ. ನಿಮ್ಮ ಅಜ್ಜನ ಕಾಲದ ವೈಜಿ, ವೈಪಿ ಅನ್ನುವ ಮೀಟರ್ ಗೇಜ್ ಎಂಜಿನ್‌ಗಳ ಬಾಯ್ಲರ್ ಒತ್ತಡ ಚದರ ಇಂಚಿಗೆ 210 ಪೌಂಡ್. ಈ ಒತ್ತಡದಲ್ಲಿ ಬಾಯ್ಲರ್‌ಗೆ ತೂತು ಬಿದ್ದು ನೀರು ಹೊರಗೆ ಬಂದರೆ ಅದರ ವೇಗ ಸೆಕೆಂಡಿಗೆ ಸುಮಾರು 54 ಮೀಟರ್. ಹಾಗಾದರೆ ಒಳಗೆ ನುಗ್ಗಬೇಕಾದ ನೀರಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ವೇಗ ಇದ್ದರೆ ಸಾಕು. ಅದೇ ಬಾಯ್ಲರ್‌ನ ಉಗಿಯನ್ನು ಸರಿಯಾದ ಆಕಾರದ ನಾಜಲ್‌ನಲ್ಲಿ ಬಿಟ್ಟರೆ ಅದರ ವೇಗ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 950 ಮೀಟರ್! ಉಗಿ ಹಗುರ, ಜೊತೆಗೆ ಹಿಗ್ಗುತ್ತಾ ತನ್ನ ಶಾಖವನ್ನು ವೇಗ ಮಾಡಿಕೊಳ್ಳುತ್ತದೆ. ನೀರಿಗೆ ಆ ಭಾಗ್ಯ ಇಲ್ಲ.

ಈಗ 1 ಕೆಜಿ ಉಗಿ ಆ ವೇಗದಲ್ಲಿ ಬಂದು 11 ಕೆಜಿ ತಣ್ಣೀರಿನೊಳಗೆ ನುಗ್ಗಿತು ಅಂತ ಇಟ್ಟುಕೊಳ್ಳಿ. ಉಗಿ ತಣ್ಣಗಾಗಿ ತಾನೂ ನೀರಾಯಿತು. ಒಟ್ಟು 12 ಕೆಜಿ ನೀರು. 950ನ್ನು 12 ಜನ ಹಂಚಿಕೊಂಡರೆ ಸೆಕೆಂಡಿಗೆ ಸುಮಾರು 79 ಮೀಟರ್ ವೇಗ ಉಳಿಯಿತು. ಬೇಕಾಗಿದ್ದು 54. ಉಜ್ಜಾಟದಲ್ಲಿ, ಸುಳಿಯಲ್ಲಿ ಒಂದಿಷ್ಟು ಹೋದರೂ ಬಾಯ್ಲರ್ ಬಾಗಿಲು ತಳ್ಳಿ ಒಳಗೆ ಹೋಗಲಿಕ್ಕೆ ಸಾಕು. ಅಷ್ಟೇ ಕಥೆ. ಒತ್ತಡದ ಎದುರು ಒತ್ತಡ ಗೆದ್ದದ್ದಲ್ಲ, ಉಗಿಯ ವೇಗ ನೀರಿನ ಮೈಗೆ ಬಂದದ್ದು.

ಪುಕ್ಕಟೆ ಏನೂ ಇಲ್ಲ ಇದರಲ್ಲಿ. ಉಗಿ ತನ್ನ ಶಾಖದ ಸುಮಾರು ಆರನೇ ಒಂದು ಭಾಗವನ್ನು ವೇಗ ಮಾಡಿಕೊಂಡಿತು, ಆ ವೇಗದ ಶಕ್ತಿಯಲ್ಲೂ ಬಹುಪಾಲು ನೀರಿಗೆ ಡಿಕ್ಕಿ ಹೊಡೆಯುವಾಗ ಮತ್ತೆ ಶಾಖವೇ ಆಯಿತು. ಬರೀ ಪಂಪ್ ಅಂತ ನೋಡಿದರೆ ಇದು ಮಹಾ ದಂಡ, ದಕ್ಷತೆ ಶೇಕಡಾ 1 ಕೂಡ ಇಲ್ಲ. ಆದರೆ ಆ ಶಾಖ ಎಲ್ಲಿ ಹೋಯಿತು? ನೀರಿನ ಜೊತೆ ವಾಪಸ್ ಬಾಯ್ಲರ್‌ಗೇ ಹೋಯಿತು. ಟೆಂಡರಿನಲ್ಲಿ 28 ಡಿಗ್ರಿ ಇದ್ದ ನೀರು ಬಾಯ್ಲರ್ ಸೇರುವಾಗ 80 ಡಿಗ್ರಿ ಆಸುಪಾಸು ಇರುತ್ತದೆ. ಹಾಗಾಗಿ ನಷ್ಟ ಅನ್ನುವುದು ಬಹಳ ಕಮ್ಮಿ. ತಿರುಗುವ ಭಾಗ ಇಲ್ಲ, ಪಿಸ್ಟನ್ ಇಲ್ಲ, ಬೇರಿಂಗ್ ಇಲ್ಲ, ಎಣ್ಣೆ ಹಾಕುವ ತಾಪತ್ರಯ ಇಲ್ಲ. ಉಗಿ ಎಂಜಿನ್ನಿನ ಎಲ್ಲಾ ಭಾಗಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಜನ ಚಕ್ರ, ರಾಡು, ಸೀಟಿ ನೋಡಿ ಬಾಯಿ ಬಿಡುತ್ತಾರೆ, ಇದನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಒಳಗೆ ಏನಿದೆ ಅಂತ ಸಾಲಾಗಿ ಹೇಳುತ್ತೇನೆ, ಬಿಚ್ಚಿದಾಗ ಗುರುತು ಸಿಗುತ್ತದೆ. ಉಗಿ ಬರುವ ಬಾಯಿಯ ಹಿಂದೆ ಸ್ಟೀಮ್ ಕೋನ್. ಮೊದಲು ಕಿರಿದಾಗಿ ಆಮೇಲೆ ಸ್ವಲ್ಪ ಅಗಲವಾಗುತ್ತದೆ, ಉಗಿಗೆ ವೇಗ ಕೊಡುವುದು ಈ ಆಕಾರ. ಅದರ ತುದಿಯ ಸುತ್ತ ನೀರು ಬಂದು ಸೇರುತ್ತದೆ. ಮುಂದೆ ಕಂಬೈನಿಂಗ್ ಕೋನ್, ಉದ್ದದ್ದು, ಕಿರಿದಾಗುತ್ತಾ ಹೋಗುತ್ತದೆ. ಉಗಿ ನೀರಾಗುವುದು ಇಲ್ಲಿ. ವಾತಾವರಣದ ಒತ್ತಡದಲ್ಲಿ 1 ಲೀಟರ್ ನೀರು ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಹಿಡಿಯುತ್ತದೆ. ಅದು ತಟ್ಟನೆ ಮತ್ತೆ ನೀರಾದರೆ ಆ ಜಾಗ ಖಾಲಿ. ಆ ಖಾಲಿ ಜಾಗವೇ ಇನ್ನಷ್ಟು ನೀರನ್ನು ಎಳೆಯುತ್ತದೆ. ಅದರ ಮುಂದೆ ಸಣ್ಣ ಸಂದು, ಸಂದಿನಾಚೆ ಡೆಲಿವರಿ ಕೋನ್, ಇದು ಸಣ್ಣದರಿಂದ ಶುರುವಾಗಿ ಅಗಲವಾಗುತ್ತದೆ. ವೇಗ ಒತ್ತಡವಾಗುವುದು ಇಲ್ಲಿ. ಕೊನೆಗೆ ಕ್ಲ್ಯಾಕ್ ವಾಲ್ವ್, ಅಂದರೆ ಒಂದೇ ದಿಕ್ಕಿಗೆ ತೆರೆಯುವ ಬಾಗಿಲು, ಇಂಜೆಕ್ಟರ್ ನಿಲ್ಲಿಸಿದಾಗ ಬಾಯ್ಲರ್‌ನ ನೀರು ಹಿಂದೆ ಬರದ ಹಾಗೆ ತಡೆಯುತ್ತದೆ. ನಡುವಿನ ಸಂದಿನಿಂದ ಉಕ್ಕಿದ್ದು ಓವರ್‌ಫ್ಲೋಗೆ ಹೋಗುತ್ತದೆ.

ಕಟಕಟ ಸದ್ದಿನ ವಿಷಯ. ಗಾಬರಿ ಬೇಡ, ಮುರಿದಿರಬೇಕು ಅಂತೇನಿಲ್ಲ. ತಾನೇ ಮತ್ತೆ ಶುರುವಾಗುವ ಜಾತಿಯ ಇಂಜೆಕ್ಟರ್‌ಗಳಲ್ಲಿ ಕಂಬೈನಿಂಗ್ ಕೋನಿನ ಒಂದು ತುಂಡು ಸಡಿಲವಾಗಿ ಜಾರುವಂತೆಯೇ ಮಾಡಿರುತ್ತಾರೆ. ಗಾಡಿ ಕುಲುಕಿ ನೀರಿನ ಧಾರೆ ಕಡಿದರೆ ಆ ತುಂಡು ಸರಿದು ಉಗಿಗೆ ದಾರಿ ಬಿಡುತ್ತದೆ. ಉಗಿ ಓವರ್‌ಫ್ಲೋದಿಂದ ಹೊರಗೆ ಹೋಗಿ ಮತ್ತೆ ಎಳೆತ ಹುಟ್ಟಿ, ಧಾರೆ ಸರಿಯಾದ ಮೇಲೆ ತುಂಡು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇಲ್ಲವೇ ಅದು ಓವರ್‌ಫ್ಲೋ ವಾಲ್ವೂ ಇರಬಹುದು. ಎರಡೂ ಅಲ್ಲಾಡಲೇಬೇಕಾದ ಭಾಗಗಳು. ಅಲ್ಲಾಡದಿದ್ದರೇ ಚಿಂತೆ ಮಾಡಬೇಕಿತ್ತು. ದಯವಿಟ್ಟು ಯಾರೂ ಅದನ್ನು ಅಂಟು ಹಾಕಿ ಬಿಗಿ ಮಾಡಬೇಡಿ.

ನಿಮ್ಮ ಅಜ್ಜನ ಕೈಯಲ್ಲಿ ಇದು ಹೇಗೆ ನಡೆಯುತ್ತಿತ್ತು? ಮೊದಲು ನೀರಿನ ವಾಲ್ವ್, ಓವರ್‌ಫ್ಲೋದಿಂದ ನೀರು ಬೀಳುವುದು ಕಾಣಬೇಕು. ಆಮೇಲೆ ಉಗಿ. ಒಂದು ಕ್ಷಣ ಉಗಿ, ನೀರು ಎರಡೂ ಕೆಳಗೆ ಚೆಲ್ಲುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ, ಓವರ್‌ಫ್ಲೋ ಒಣಗುತ್ತದೆ, ಸದ್ದು ಬದಲಾಗಿ ಒಂದೇ ಸಮನೆ ಗುಂಯ್ ಅನ್ನುತ್ತದೆ. ಇನ್ನೂ ಹನಿಯುತ್ತಿದ್ದರೆ ನೀರಿನ ವಾಲ್ವ್ ಚೂರು ಕಮ್ಮಿ ಮಾಡಬೇಕು, ಉಗಿ ಹಾರುತ್ತಿದ್ದರೆ ಚೂರು ಜಾಸ್ತಿ. ಒಳ್ಳೆ ಫೈರ್‌ಮನ್ ಬಗ್ಗಿ ನೋಡುತ್ತಿರಲಿಲ್ಲ, ಕಿವಿಯಲ್ಲೇ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಇಂಜೆಕ್ಟರ್ ಮೈ ಕಾದು ಹಠ ಮಾಡಿದರೆ ಮೇಲೆ ಒದ್ದೆ ಗೋಣಿ ಹಾಕಿ ಬಕೆಟ್ ನೀರು ಸುರಿಯುವುದು. ನಗಬೇಡಿ, ಇದು ನಿಜವಾದ ವಿಜ್ಞಾನ. ಉಗಿ ನೀರಾಗಬೇಕಾದರೆ ತಂಪು ಬೇಕೇ ಬೇಕು.

ಘಾಟಿನಲ್ಲಿ ಈ ಕೆಲಸಕ್ಕೆ ಇನ್ನೊಂದು ಕಷ್ಟ ಸೇರುತ್ತದೆ. ಕುಳೆಯಿಂದ ದೂಧಸಾಗರ ದಾಟಿ ಕ್ಯಾಸಲ್‌ರಾಕ್‌ವರೆಗೆ ಏರು ಸುಮಾರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಏರು. ಇಷ್ಟು ಏರಿನಲ್ಲಿ 5 ಮೀಟರ್ ಉದ್ದದ ಬಾಯ್ಲರ್ ಇದ್ದರೆ ಆ ತುದಿಗೂ ಈ ತುದಿಗೂ ನೀರಿನ ಮಟ್ಟದಲ್ಲಿ 13 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಚಿಮಣಿ ಮುಂದಾಗಿ ಏರುವಾಗ ನೀರೆಲ್ಲಾ ಕ್ಯಾಬ್ ಕಡೆಗೆ ಬಂದು ಗೇಜ್ ಗ್ಲಾಸ್‌ನಲ್ಲಿ (ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ) ಭರ್ತಿ ತೋರಿಸುತ್ತದೆ. ಮೇಲೆ ಸ್ಟೇಷನ್ನಿನ ಸಮತಟ್ಟಿಗೆ ಬಂದ ಕೂಡಲೇ ಮಟ್ಟ ಧಡಕ್ಕನೆ ಇಳಿಯುತ್ತದೆ. ಗ್ಲಾಸ್ ನಂಬಿಕೊಂಡು ಇಂಜೆಕ್ಟರ್ ಹಾಕದೆ ಬಂದವನಿಗೆ ಅಲ್ಲಿ ಬೆವರು. ಹಾಗಂತ ಏರುವಾಗ ಸುಮ್ನೆ ಹಾಕುತ್ತಲೇ ಇದ್ದರೆ, ಸುಮಾರು 200 ಡಿಗ್ರಿಯ ಬಾಯ್ಲರ್ ಒಳಗೆ 80 ಡಿಗ್ರಿ ನೀರು ಹೋಗಿ ಒತ್ತಡ ಇಳಿದು, ಗಾಡಿ ನಡು ಘಾಟಿನಲ್ಲಿ ನಿಲ್ಲುತ್ತದೆ. ಎರಡರ ನಡುವೆ ತೂಗಿಸುವುದೇ ಫೈರ್‌ಮನ್ ಕೆಲಸದ ಅರ್ಧ ಭಾಗ. ಕಲ್ಲಿದ್ದಲು ಎಸೆಯುವುದು ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ. ಅಂದಹಾಗೆ ನಮ್ಮ ಕಾರವಾರಕ್ಕೆ ರೈಲು ಬಂದದ್ದೇ ಕೊಂಕಣ ರೈಲ್ವೆಯಿಂದ, 1990ರ ದಶಕದಲ್ಲಿ, ಡೀಸೆಲ್ ಎಂಜಿನ್ ಜೊತೆಗೆ. ಉತ್ತರ ಕನ್ನಡದಲ್ಲಿ ಉಗಿಬಂಡಿ ನೋಡಿದವರು ಅಂದರೆ ಕ್ಯಾಸಲ್‌ರಾಕ್, ದಾಂಡೇಲಿ ಕಡೆಯವರು ಮಾತ್ರ. ಕರಾವಳಿಯ ನಾವು ಆ ವಿಷಯದಲ್ಲಿ ಬಡವರು.

ಈಗ ರಿಪೇರಿ. ಮೇಲಿನದ್ದು ಅರ್ಥವಾದರೆ ಇಂಜೆಕ್ಟರ್ ಕೆಡುವುದು ಯಾಕೆ ಅಂತ ತಾನಾಗಿ ತಿಳಿಯುತ್ತದೆ. ನೀರು ಬಿಸಿಯಾಗಿದ್ದರೆ ಉಗಿ ನೀರಾಗುವುದಿಲ್ಲ. ಕ್ಲ್ಯಾಕ್ ಸೋರಿದರೆ ಬಾಯ್ಲರ್‌ನ ಬಿಸಿನೀರು ಹಿಂದೆ ಬಂದು ಮೈ ಕಾಯುತ್ತದೆ, ಪರಿಣಾಮ ಅದೇ. ನೀರಿನ ಪೈಪಿನ ಜಾಯಿಂಟ್ ಗಾಳಿ ಎಳೆದರೆ, ಗಾಳಿ ಎಷ್ಟು ತಣ್ಣಗಾದರೂ ನೀರಾಗುವುದಿಲ್ಲವಲ್ಲ, ಹಾಗಾಗಿ ಧಾರೆ ಒಡೆಯುತ್ತದೆ. ಕೋನ್ ಒಳಗೆ ಸುಣ್ಣದ ಪಾಚಿ ಕಟ್ಟಿದರೆ ಅಳತೆ ಕೆಡುತ್ತದೆ. ಕೋನ್ ಸವೆದು ಮೊಟ್ಟೆಯಾಕಾರ ಆದರೆ, ಅಥವಾ ಒಂದರ ಎದುರು ಒಂದು ನೇರ ಇಲ್ಲದಿದ್ದರೆ, ಧಾರೆ ಮುಂದಿನ ತೂತಿಗೆ ಸರಿಯಾಗಿ ಬೀಳದೆ ಅಂಚಿಗೆ ಬಡಿಯುತ್ತದೆ. ನಿಮ್ಮದರಲ್ಲಿ ಕೊನೆಯ ಮೂರನ್ನು ನೋಡಬೇಕು: ಪಾಚಿ, ಸವೆತ, ನೇರ.

ಬಿಚ್ಚುವ ಮೊದಲು ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ. ಎರಕದ ಅಕ್ಷರ, ಮೊಳೆಯಲ್ಲಿ ಕುಟ್ಟಿದ ಅಂಕಿಗಳು, ಯಾವುದನ್ನೂ ಬಿಡಬೇಡಿ. ಗ್ರೇಶಮ್ ಅಂಡ್ ಕ್ರೇವನ್, ಡೇವಿಸ್ ಅಂಡ್ ಮೆಟ್‌ಕಾಫ್ ಇಂಥ ತಯಾರಕರ ಹೆಸರು ಕಂಡರೆ ಯಾವ ಮಾದರಿ ಅಂತ ಹುಡುಕಲಿಕ್ಕೆ ಸುಲಭ. ಜಾಯಿಂಟ್‌ಗಳಲ್ಲಿ ಬೂದು ಅಥವಾ ಬಿಳಿ ನಾರಿನಂಥ ಹಳೆ ಪ್ಯಾಕಿಂಗ್ ಕಂಡರೆ ಅದನ್ನು ಕಲ್ನಾರು ಅಂತಲೇ ತಿಳಿಯಿರಿ. ಉಗಿ ಕೆಲಸದಲ್ಲಿ ಆಗ ಎಲ್ಲಾ ಕಡೆ ಕಲ್ನಾರೇ. ಒಣಗಿದ್ದಾಗ ಕೆರೆಯಬೇಡಿ, ಊದಬೇಡಿ, ಮರಳು ಕಾಗದ ಹಾಕಬೇಡಿ. ಸೋಪು ನೀರಲ್ಲಿ ಚೆನ್ನಾಗಿ ನೆನೆಸಿ, ಒದ್ದೆ ಇದ್ದಾಗಲೇ ತೆಗೆದು, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಇದೊಂದು ವಿಷಯದಲ್ಲಿ ಉಡಾಫೆ ಬೇಡವೇ ಬೇಡ.

ತುದಿಗಳಲ್ಲಿ ಇರುವ ದೊಡ್ಡ ನಟ್‌ಗಳಿಗೆ ಪೈಪ್ ರೆಂಚ್ ಹಾಕಬೇಡಿ. ಹಲ್ಲಿನ ಗುರುತು ಜನ್ಮಕ್ಕೂ ಹೋಗುವುದಿಲ್ಲ. ಸರಿಯಾದ ಸೈಜಿನ ಪಾನಾ ಸಿಗದಿದ್ದರೆ ದಪ್ಪ ಪಟ್ಟಿ ಕಡಿದು ಒಂದು ಪಾನಾ ಮಾಡಿಸಿಕೊಳ್ಳಿ, ಶಿರಸಿಯ ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿ ಕೊಡುತ್ತಾರೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ದಿನಗಟ್ಟಲೆ ಬಿಡಿ, ಆಗಾಗ ಮತ್ತೆ ಹಾಕಿ. ಬಿಡದಿದ್ದರೆ ಎಣ್ಣೆ ಒರೆಸಿ, ಮೈಮೇಲೆ ಕುದಿಯುವ ನೀರು ಸುರಿದು ಪ್ರಯತ್ನ ಮಾಡಿ. ಗ್ಯಾಸ್ ಕಟ್ಟರ್ ಹತ್ತಿರ ತರಬೇಡಿ. ಕೋನ್‌ಗಳನ್ನು ಹೊರಗೆ ತಳ್ಳುವಾಗ ಕಬ್ಬಿಣದ ಸರಳು ಬೇಡ, ಮರದ ಗೂಟ ಸಾಕು. ತುದಿಯ ಅಂಚಿಗೆ ಒಂದು ಸಣ್ಣ ಪೆಟ್ಟು ಬಿದ್ದರೂ ಆ ಕೋನ್ ಕೆಲಸಕ್ಕಿಲ್ಲ.

ಹೊರಬಂದ ಕೋನನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಹಳೆಯದರಲ್ಲಿ ಹೀಗಿರುತ್ತದೆ: ಅಗಲದ ಕಡೆ ಬಣ್ಣ ಮಾಸಿದ ಲೋಹ, ಕಿರಿದಾಗುತ್ತಾ ಹೋದಂತೆ ಬೂದು ಬಣ್ಣದ ತೆಳು ಪದರ, ಸಂದಿನ ಹತ್ತಿರ ಅದು ದಪ್ಪವಾಗಿ ಉಂಗುರದ ಹಾಗೆ ಕಟ್ಟಿಕೊಂಡಿರುತ್ತದೆ. ಗಡಸು ನೀರು ಬಿಸಿಯಾದ ಕೂಡಲೇ ಸುಣ್ಣ ಬಿಡುತ್ತದೆ, ಇಂಜೆಕ್ಟರ್‌ನಲ್ಲಿ ನೀರು ಬಿಸಿಯಾಗುವುದು ಸರಿಯಾಗಿ ಅಲ್ಲೇ. ನಮ್ಮ ಘಟ್ಟದ ಕೆಂಪುಕಲ್ಲಿನ ನೆಲದ ನೀರು ಮೆದು, ಅದರಿಂದ ಪಾಚಿ ಕಮ್ಮಿ. ಬಯಲುಸೀಮೆ ಕಡೆ ತುಂಬಿಸಿಕೊಂಡ ನೀರು ಗಡಸು. ಲೋಂಡಾ, ಹುಬ್ಬಳ್ಳಿ ಕಡೆ ಓಡಾಡಿದ ಎಂಜಿನ್ ಆದರೆ ಪಾಚಿ ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ.

ಇದನ್ನು ತೆಗೆಯಲಿಕ್ಕೆ ನಿಮ್ಮ ತಮ್ಮನ ಆಸಿಡ್ ಅಲ್ಲ. ಬಚ್ಚಲು ತೊಳೆಯುವ ಆಸಿಡ್ ಹಿತ್ತಾಳೆಯಲ್ಲಿರುವ ಸತುವನ್ನು ತಿಂದು ಹಾಕುತ್ತದೆ, ಗುಲಾಬಿ ಬಣ್ಣದ ಟೊಳ್ಳು ತಾಮ್ರ ಉಳಿಯುತ್ತದೆ, ನೋಡಲಿಕ್ಕೆ ಗಟ್ಟಿ, ಒಳಗೆ ಲೊಡ್ಡು. ಇಂಜೆಕ್ಟರ್ ಮೈ ಸಾಮಾನ್ಯವಾಗಿ ಗನ್‌ಮೆಟಲ್, ತಾಮ್ರಕ್ಕೆ ತವರ ಸೇರಿದ್ದು, ಸ್ವಲ್ಪ ತಡೆದೀತು. ಆದರೆ ಸಣ್ಣ ಪುಟ್ಟ ಭಾಗ ಹಿತ್ತಾಳೆಯೇ ಇರುತ್ತವೆ. ಸಿಟ್ರಿಕ್ ಆಸಿಡ್ ಪುಡಿ ತನ್ನಿ, ಲೀಟರ್ ನೀರಿಗೆ 50 ಗ್ರಾಂ ಹಾಕಿ, ಉಗುರುಬೆಚ್ಚಗಿನ ದ್ರಾವಣದಲ್ಲಿ ಕೋನ್ ಮುಳುಗಿಸಿ. ಗುಳ್ಳೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ತೆಗೆದು ಮೆತ್ತನೆ ನೈಲಾನ್ ಬ್ರಷ್‌ನಲ್ಲಿ ಉಜ್ಜಿ ನೋಡಿ. ಗುಳ್ಳೆ ನಿಂತ ಮೇಲೆ ಆಸಿಡ್‌ನಲ್ಲಿ ಇಟ್ಟುಕೊಂಡು ಕೂರಬೇಡಿ. ರಾತ್ರಿಯಿಡೀ ಬಿಟ್ಟು ಮಲಗುವುದಂತೂ ಬೇಡ. ಆಮೇಲೆ ನೀರಲ್ಲಿ ತೊಳೆದು, ಸ್ವಲ್ಪ ಅಡುಗೆ ಸೋಡಾ ನೀರಲ್ಲಿ ಅದ್ದಿ, ಮತ್ತೆ ತೊಳೆದು ಒಣಗಿಸಿ. ಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಚ್ಚುತ್ತಾರಲ್ಲ, ಹೊರಮೈಗೆ ಅದೂ ನಡೆಯುತ್ತದೆ, ತಪ್ಪಿಲ್ಲ. ಆದರೆ ಒಳಗಿನ ಕೋನಿಗೆ ಹುಣಸೆ ನಾರು, ಬೂದಿ, ಮರಳು ಏನೂ ತಾಗಬಾರದು. ಒಳಮೈ ಕನ್ನಡಿಯ ಹಾಗೆ ನುಣುಪಿರಬೇಕು, ಗೀರು ಬಿದ್ದರೆ ಅಡ್ಡಡ್ಡ ಬಿದ್ದ ಗೀರು ತುಂಬಾ ಕೆಟ್ಟದ್ದು.

ಈಗ ಅಳತೆ. ಡ್ರಿಲ್ ಬಿಟ್‌ನ ಹಿಂಬದಿ, ಅಂದರೆ ನುಣ್ಣಗಿರುವ ದಂಡದ ಭಾಗ, ಒಳ್ಳೆಯ ಗೇಜ್ ಆಗುತ್ತದೆ. 10 ಮಿಲಿಮೀಟರಿನದ್ದು ಡೆಲಿವರಿ ಕೋನಿನ ಕಿರಿದಾದ ಜಾಗದಲ್ಲಿ ಬಿಗಿಯಾಗಿ ಕೂತರೆ ಒಳ್ಳೆ ಸುದ್ದಿ. 10.5ರದ್ದು ಸಲೀಸಾಗಿ ಹೋಯಿತಾ? ಸವೆದಿದೆ. ಒಂದು ದಿಕ್ಕಿನಲ್ಲಿ ಬೆಳಕು ಕಂಡು ಇನ್ನೊಂದು ದಿಕ್ಕಿನಲ್ಲಿ ಕಾಣದಿದ್ದರೆ ಗುಂಡಗೆ ಉಳಿದಿಲ್ಲ. ಡೆಲಿವರಿ ಕೋನಿನ ಬಾಯಿಯೇ ಮೊದಲು ಸವೆಯುವುದು, ಅಷ್ಟು ವೇಗದ ಧಾರೆ ಬಡಿಯುವುದು ಅಲ್ಲಿಗೇ. ಸವೆದ ಕೋನನ್ನು ಬೆಸುಗೆ ತುಂಬಿ ಸರಿ ಮಾಡುವ ಯೋಚನೆ ಬಿಡಿ. ಗನ್‌ಮೆಟಲ್ ಸರಳಿನಿಂದ ಹೊಸದು ಕಡೆಯುವುದೇ ದಾರಿ. ಒಳಗಿನ ಇಳಿಜಾರಿಗೆ ಸರಿಯಾಗಿ ಟೇಪರ್ ರೀಮರ್ (ತೂತನ್ನು ಇಳಿಜಾರಾಗಿ ಕೊರೆಯುವ ಸಾಧನ) ಬೇಕು, ಅದನ್ನು ಟೂಲ್ ಸ್ಟೀಲ್‌ನಲ್ಲಿ ಮೊದಲು ಮಾಡಿಕೊಳ್ಳಬೇಕು. ಒಳಮೈ, ಹೊರಮೈ ಎರಡನ್ನೂ ಲೇತ್‌ನಲ್ಲಿ ಕೆಲಸ ತೆಗೆಯದೆ ಒಂದೇ ಹಿಡಿತದಲ್ಲಿ ಮುಗಿಸಬೇಕು, ತೆಗೆದು ಹಾಕಿದರೆ ನೇರ ತಪ್ಪುತ್ತದೆ. ಹಳೆ ಕೋನ್ ಎಸೆಯಬೇಡಿ, ಅಳತೆಗೆ ಅದೇ ಆಧಾರ.

ಕ್ಲ್ಯಾಕ್ ವಾಲ್ವ್ ಕೆಲಸ ಸುಲಭ. ಕಾರು ರಿಪೇರಿಯವರ ಹತ್ತಿರ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್, ನುಣ್ಣನೆಯದ್ದು, ಚೂರು ಹಚ್ಚಿ ಆ ಕಡೆ ಈ ಕಡೆ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಿ. ಸುತ್ತಲೂ ಕಡಿಯದ, ತೆಳ್ಳನೆಯ ಬೂದು ಗೆರೆ ಬಂದರೆ ಮುಗಿಯಿತು. ಗೆರೆ ಅಗಲವಾದಷ್ಟೂ ಒಳ್ಳೆಯದು ಅನ್ನುವ ಭ್ರಮೆ ಬೇಡ, ತೆಳು ಗೆರೆಯೇ ಚೆನ್ನಾಗಿ ಹಿಡಿಯುವುದು. ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ಸೀಮೆಎಣ್ಣೆಯಲ್ಲಿ ತೊಳೆಯಿರಿ.

ಎಲ್ಲಾ ಜೋಡಿಸಿದ ಮೇಲೆ ಓಡಿಸಿ ನೋಡಬಹುದಾ ಅಂದಿರಿ. ಕಂಪ್ರೆಸರ್ ಗಾಳಿಯಲ್ಲಿ ನೋಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುವುದಿಲ್ಲ. ಗಾಳಿ ನೀರಾಗುವುದಿಲ್ಲವಲ್ಲ, ಬರೀ ನೀರು, ಗಾಳಿ ಬೆರೆತು ಓವರ್‌ಫ್ಲೋದಿಂದ ಉಗುಳುತ್ತದೆ. ಕುಕ್ಕರ್‌ಗೆ ಪೈಪ್ ಹಾಕುವ ಮಾತಂತೂ ತೆಗೆಯಲೇಬೇಡಿ. ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರ್‌ಗೆ ಕಟ್ಟಿದರೆ? ಲೆಕ್ಕ ಹಾಕಿ. 10 ಮಿಲಿಮೀಟರ್ ತೂತಿನಲ್ಲಿ ಸೆಕೆಂಡಿಗೆ 54 ಮೀಟರ್ ಅಂದರೆ ಸೆಕೆಂಡಿಗೆ 4 ಲೀಟರ್ ಮೇಲೆ ನೀರು. 15 ಲೀಟರಿನ ಕೊಡ ನಾಲ್ಕು ಸೆಕೆಂಡಿನೊಳಗೆ ತುಂಬುತ್ತದೆ. ಅದರ ಹನ್ನೆರಡನೇ ಒಂದು ಭಾಗ ಉಗಿ, ಗಂಟೆಗೆ ಸಾವಿರ ಕೆಜಿಗಿಂತ ಜಾಸ್ತಿ. ಸಣ್ಣ ಮಿಲ್ಲಿನ ಬಾಯ್ಲರ್ ಅಷ್ಟು ಉಗಿ ಎಲ್ಲಿಂದ ಕೊಡಬೇಕು? ಒತ್ತಡ ಕುಸಿದು ಹೋಗುತ್ತದೆ. ಮೇಲಾಗಿ ಅದು ಕಾನೂನಿನ ವಿಷಯ. 25 ಲೀಟರ್ ಮೇಲ್ಪಟ್ಟ ಇಂಥ ಬಾಯ್ಲರ್‌ಗಳು ನೋಂದಣಿ, ತಪಾಸಣೆ ಆಗಿರಬೇಕು. 1923ರ ಹಳೆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂದಿದೆ, ಆದರೆ ಇನ್‌ಸ್ಪೆಕ್ಟರ್‌ಗೆ ಹೇಳದೆ ಬಾಯ್ಲರ್‌ಗೆ ಏನನ್ನಾದರೂ ಕಟ್ಟುವುದು ಹಿಂದೆಯೂ ತಪ್ಪು, ಈಗಲೂ ತಪ್ಪು. ನಿಮ್ಮ ಮೇಲಿನ ಪ್ರೀತಿಗೆ ಯಾವ ಮಿಲ್ಲಿನವರೂ ಈ ತಂಟೆಗೆ ಬರಬಾರದು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ತಣ್ಣೀರಿನದ್ದು. ತೋಟದ ಪಂಪಿನ ಪೈಪನ್ನು ನೀರಿನ ಬಾಯಿಗೆ ಕಟ್ಟಿ, ಉಗಿಯ ಬಾಯಿ ಮುಚ್ಚಿ, ಡೆಲಿವರಿ ಕಡೆಯ ಮುಚ್ಚಳ, ಕ್ಲ್ಯಾಕ್ ತೆಗೆದಿಟ್ಟು ನೀರು ಬಿಡಿ. ಓವರ್‌ಫ್ಲೋದಿಂದ ಒಂದಿಷ್ಟು ಚೆಲ್ಲುತ್ತದೆ, ಚೆಲ್ಲಲಿ. ಡೆಲಿವರಿ ಕೋನಿನಿಂದ ಬರುವ ಧಾರೆ ನೋಡಿ. ಗಾಜಿನ ಕಡ್ಡಿಯ ಹಾಗೆ ನೇರ, ತಿಳಿಯಾಗಿ ಬಂದರೆ ಕೋನ್‌ಗಳು ಒಂದೇ ಗೆರೆಯಲ್ಲಿವೆ. ಒಂದು ಕಡೆ ವಾಲಿದರೆ, ಸೀಳಿದರೆ, ತಿರುಚಿದರೆ ಯಾವುದೋ ಕೋನ್ ಸರಿಯಾಗಿ ಕೂತಿಲ್ಲ, ಅಥವಾ ಅಂಚಿಗೆ ಪೆಟ್ಟು ಬಿದ್ದಿದೆ. ಬಿಚ್ಚಿ, ಸ್ವಲ್ಪ ತಿರುಗಿಸಿ ಕೂರಿಸಿ, ಮತ್ತೆ ನೋಡಿ. ಉಗಿ ಇಲ್ಲದೆ ಇಷ್ಟರ ಮಟ್ಟಿಗೆ ತಿಳಿಯುತ್ತದೆ, ನನ್ನ ಪ್ರಕಾರ ಮನೆಯಲ್ಲಿ ಇಡುವ ಸಾಮಾನಿಗೆ ಇಷ್ಟು ಸಾಕು.

ಹೊರಮೈ ಪಾಲಿಶ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಇಂಜೆಕ್ಟರ್ ಕ್ಯಾಬ್ ಕೆಳಗೆ ಎಣ್ಣೆ, ಮಸಿ ಮೆತ್ತಿಕೊಂಡು ಇರುತ್ತಿದ್ದ ಸಾಮಾನು, ದೇವರ ಮನೆಯ ದೀಪ ಅಲ್ಲ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಎರಕದ ಅಕ್ಷರ, ಕುಟ್ಟಿದ ಅಂಕಿ ಎಲ್ಲಾ ಸವೆದು ಹೋಗುತ್ತದೆ. ಹಸಿರು ಕಿಲುಬು ಮಾತ್ರ ತೆಗೆಯಿರಿ, ಕಂದು ಬಣ್ಣ ಇರಲಿ, ಅದು ಲೋಹವನ್ನು ಕಾಯುತ್ತದೆ. ಒಣಗಿದ ಮೇಲೆ ತೆಳ್ಳಗೆ ಮೇಣ ಹಚ್ಚಿ ಬಟ್ಟೆಯಲ್ಲಿ ಉಜ್ಜಿ. ಅಂಗಡಿಯ ಕೆಲವು ಮೆಟಲ್ ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ, ಡಬ್ಬಿ ಓದಿ ನೋಡಿ. ಹಿತ್ತಾಳೆಗೂ ಅಮೋನಿಯಾಕ್ಕೂ ಆಗಿಬರುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡುತ್ತಿದ್ದರು. ಹಿತ್ತಾಳೆ ಕೇಸುಗಳು ತಾವಾಗಿ ಸೀಳು ಬಿಟ್ಟವು. ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ಮಳೆಗಾಲದ ತೇವ, ಇವೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಅದಕ್ಕೇ ಹೇಳುವುದು, ಇಂಜೆಕ್ಟರ್ ಕೊಟ್ಟಿಗೆಯಲ್ಲಿ ಇಡಬೇಡಿ, ಕೊಟ್ಟಿಗೆಗೆ ತಾಗಿದ ಅಟ್ಟದಲ್ಲೂ ಬೇಡ. ನಾನಿರುವ ಕಾರವಾರದಲ್ಲಿ ಉಪ್ಪುಗಾಳಿಯ ಕಾಟ, ಮೇಣ ಹಚ್ಚಿದ್ದೂ ವರ್ಷದೊಳಗೆ ಹಸಿರು ಕಟ್ಟುತ್ತದೆ. ನಿಮ್ಮಲ್ಲಿ ಉಪ್ಪಿಲ್ಲ, ಆದರೆ ಮಳೆಗಾಲದ ತೇವ ಇದೆ. ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಒಳಗೇ ಬೆವರುತ್ತದೆ. ಗಾಳಿಯಾಡುವ ಕಪಾಟಿನಲ್ಲಿ, ಅಡುಗೆಮನೆಯ ಬೆಚ್ಚಗಿನ ಗೋಡೆಯ ಕಡೆ ಇಡಿ.

ಶುರು ಮಾಡುವ ಮೊದಲು ಓವರ್‌ಫ್ಲೋ ಬಾಯಿಯ ಒಳಗೆ ಟಾರ್ಚ್ ಹಾಕಿ ಒಂದು ಫೋಟೋ ತೆಗೆದು ಕಳಿಸಿ. ಕಂಬೈನಿಂಗ್ ಕೋನ್ ಜಾರುವ ಮಾದರಿಯದ್ದಾ, ಮಡಚುವ ಮುಚ್ಚಳ ಇರುವುದಾ ಅಂತ ಅದರಿಂದ ಗೊತ್ತಾಗಬಹುದು. ಮುಚ್ಚಳದ್ದಾದರೆ ಬಿಚ್ಚುವ ಕ್ರಮ ಬೇರೆ, ಅದರ ಸಣ್ಣ ಪಿನ್ ಮೊದಲು ತೆಗೆಯದೆ ಕೋನ್ ತಳ್ಳಿದರೆ ಪಿನ್ ಕಡಿದು ಹೋಗುತ್ತದೆ.